ಹುಲ್ಲಿನ ಮೇಲಿನ ಕಲ್ಲು, ರಬ್ಬರಿನ ಮೇಲಿನ ಕಲ್ಲು

ಒಬ್ಬ ಮನುಷ್ಯನ ಹೆಸರನ್ನು ಪತ್ರಿಕೆಯಲ್ಲಿ ಬರೆದು ಅವನ ಅನ್ನ ಕಸಿದುಕೊಂಡವಳು ನಾನು. ಅದೇ ಮನುಷ್ಯನ ಲಾರಿಯಲ್ಲಿ ಕುಳಿತು ಪೋಲೆಂಡಿನಿಂದ ಜರ್ಮನಿಗೆ ಹೋದ ಮೂರು ದಿನಗಳನ್ನು ಇಲ್ಲಿ ಹೇಳಬೇಕಾಗಿದೆ.

ಮುದ್ದೇಬಿಹಾಳದಿಂದ ಹೊರಡುವಾಗ

ನಾನು ಬಸವನ ಬಾಗೇವಾಡಿಯವಳು. ಮುದ್ದೇಬಿಹಾಳದ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತೇನೆ. ಹಮಾಲರ, ಲಾರಿ ಚಾಲಕರ ಪರವಾಗಿ ಅರ್ಜಿ ಬರೆಯುವುದು, ಸಭೆ ಸೇರಿಸುವುದು, ಪತ್ರಿಕೆಗೆ ಲೇಖನ ಕಳಿಸುವುದು ವೃತ್ತಿಯ ಜೊತೆಗೇ ಬೆಳೆದು ಬಂದ ಕೆಲಸ. ಆರು ವರ್ಷಗಳ ಹಿಂದೆ ನಾಲತವಾಡದ ರಸ್ತೆಯಲ್ಲಿ ಹಾಸುಗಲ್ಲು ಹೇರಿಕೊಂಡು ಹೊರಟಿದ್ದ ಲಾರಿಯೊಂದಕ್ಕೆ ಕುರಿಹಿಂಡು ಅಡ್ಡ ಬಂತು. ಚಾಲಕ ಶರಣಪ್ಪ ಬ್ರೇಕ್ ಒತ್ತಿದ. ಲಾರಿ ನಿಂತಿತು, ಕಲ್ಲು ನಿಲ್ಲಲಿಲ್ಲ. ನಮ್ಮ ಕಡೆಯ ರೂಢಿಯಂತೆ ಕಲ್ಲಿನ ಜೊತೆಗೇ, ಕ್ಯಾಬಿನ್ನಿನ ಹಿಂಬದಿಗೆ ಒರಗಿ ಕುಳಿತಿದ್ದ ಹಮಾಲ ಯಮನಪ್ಪನ ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಯಿತು. ಯಮನಪ್ಪನ ಪರ ವಕಾಲತ್ತು ವಹಿಸಿದವಳು ನಾನೇ. ‘ಅಜಾಗರೂಕ ಚಾಲಕ’ ಎಂದು ಲೇಖನ ಬರೆದವಳೂ ನಾನೇ. ಪೊಲೀಸರ ಕಾಗದದಲ್ಲಿದ್ದ ಹೆಸರು ಒಂದೇ. ನನ್ನ ಲೇಖನದಲ್ಲಿ ಇದ್ದದ್ದೂ ಒಂದೇ. ಆಮೇಲೆ ತಾಲೂಕಿನ ಯಾವ ಮಾಲೀಕನೂ ಶರಣಪ್ಪನ ಕೈಗೆ ಲಾರಿಯ ಕೀಲಿ ಕೊಡಲಿಲ್ಲ. ಅವನು ಮೊದಲು ಕೊಲ್ಲಿ ದೇಶಕ್ಕೆ, ಅಲ್ಲಿಂದ ಪೋಲೆಂಡಿಗೆ ಹೋದನೆಂದು ಕೇಳಿದ್ದೆ.

ಪೋಲೆಂಡಿನ ಪೊಜ್ನಾನ್ ನಗರದಲ್ಲಿ ಸಾರಿಗೆ ಕಾರ್ಮಿಕರ ಸಭೆಯೊಂದಕ್ಕೆ ನನಗೆ ಆಹ್ವಾನ ಬಂದಾಗ, ಯಾರಿಂದಲೋ ಸುದ್ದಿ ತಿಳಿದ ಶರಣಪ್ಪನೇ ಫೋನ್ ಮಾಡಿದ. ಹಳೆಯ ಮಾತು ಎತ್ತಲಿಲ್ಲ. ಸಭೆ ಮುಗಿದ ಮೇಲೆ ತನ್ನ ಗಾಡಿಯಲ್ಲಿ ಒಂದು ಸುತ್ತು ಬರುವುದಾದರೆ ಕಂಪನಿಯಿಂದ ಅನುಮತಿ ಪತ್ರ ಮಾಡಿಸುವುದಾಗಿ ಹೇಳಿದ. ಒಂದು ಸಂಗತಿಯನ್ನು ಮುಚ್ಚಿಡದೆ ತಿಳಿಸಿದ: ಅವನಿನ್ನೂ ಪರೀಕ್ಷಾ ಅವಧಿಯಲ್ಲಿದ್ದ, ಒಂದು ಎಚ್ಚರಿಕೆ ಪತ್ರ ಈಗಾಗಲೇ ಬಂದಿತ್ತು. ಎರಡನೆಯದು ಬಂದರೆ ಕೆಲಸ ಹೋಗುತ್ತದೆ. ವೀಸಾ ಕಂಪನಿಯ ಹೆಸರಿನಲ್ಲೇ ಇರುವುದರಿಂದ ದೇಶವನ್ನೂ ಬಿಡಬೇಕಾಗುತ್ತದೆ. ಮನುಷ್ಯನ ಬದುಕನ್ನು ಒಂದೇ ಮಾಲೀಕನ ಗೂಟಕ್ಕೆ ಕಟ್ಟುವ ಈ ವೀಸಾ ಪದ್ಧತಿಯೇ ಒಂದು ಅನ್ಯಾಯ. ಅದನ್ನು ಸಭೆಯಲ್ಲಿ ಹೇಳಿದೆ, ಇಲ್ಲಿಯೂ ಹೇಳುತ್ತೇನೆ.

“ಬರೂವಾಗ ಎರಡ ದಿನಕ್ಕಾಗುವಷ್ಟ ಖಡಕ್ ರೊಟ್ಟಿ ತರ್ರಿ ಅಕ್ಕಾರ,” ಎಂದಷ್ಟೇ ಕೊನೆಗೆ ಕೇಳಿಕೊಂಡ.

ಪೊಜ್ನಾನ್ ಹೊರವಲಯದ ಲಾರಿ ತಂಗುದಾಣ

ಶರಣಪ್ಪನಿಗೆ ಈಗ ನಲವತ್ತೈದರ ಆಸುಪಾಸು. ಮೀಸೆ ನರೆತಿದೆ, ನಗು ಹಾಗೆಯೇ ಇದೆ. ನಾನು ಕೊಟ್ಟ ರೊಟ್ಟಿಯ ಗಂಟನ್ನು ಬಿಚ್ಚಿ, ಒಂದನ್ನು ಮುರಿದು ಸಪ್ಪಳ ಕೇಳಿಸಿಕೊಂಡು, ಆಮೇಲೆ ಬಾಯಿಗಿಟ್ಟ. ಹಳೆಯ ಮಾತನ್ನು ಎತ್ತಬೇಕಾದವಳು ನಾನು ಎಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನೇ ಎತ್ತಿದ. “ಪೇಪರ್‌ನ್ಯಾಗ ನನ್ನ ಹೆಸರ ಬಂದಿದ್ದು ಅದ ಮೊದಲ್ರಿ. ನಮ್ಮವ್ವಗ ಓದಾಕ ಬರೂದಿಲ್ಲ. ಮಗನ ಹೆಸರ ಬಂದೈತಿ ಅಂತ ಕತ್ತರಿಸಿ ಟ್ರಂಕಿನ್ಯಾಗ ಇಟ್ಟಾಳ.” ಇದಕ್ಕೆ ನಗಬೇಕೋ ಬೇಡವೋ ತಿಳಿಯದೆ ನಾನು ಲಾರಿಯ ಕಡೆ ನೋಡಿದೆ.

ನೋಡುವಂಥ ಲಾರಿಯೇ. ನಮ್ಮಲ್ಲಿ ಸರಕನ್ನು ಹೇರಿ, ತಾಡಪತ್ರಿ ಹೊದಿಸಿ, ಹಗ್ಗ ಎಳೆದು ಕಟ್ಟಿದರೆ ಲಾರಿಗೆ ಹೊಟ್ಟೆ ಬಂದಂತೆ ಕಾಣುತ್ತದೆ. ಇಲ್ಲಿಯ ಟ್ರೇಲರು ಉದ್ದನೆಯ ಪೆಟ್ಟಿಗೆ. ಮುಂದೆ ಗಟ್ಟಿ ಗೋಡೆ, ಹಿಂದೆ ಬಾಗಿಲು, ಮೇಲೆ ಮಾಡು; ಎರಡು ಪಕ್ಕಗಳಲ್ಲಿ ಮಾತ್ರ ದಪ್ಪ ಬಟ್ಟೆಯ ಪರದೆ. ಬಕಲುಗಳನ್ನು ಬಿಚ್ಚಿ ಜಗ್ಗಿದರೆ ನಾಟಕ ಕಂಪನಿಯ ಪರದೆಯಂತೆ ಇಡೀ ಪಕ್ಕ ಸರಿದು ರಂಗ ತೆರೆದುಕೊಳ್ಳುತ್ತದೆ. ಬಿಗಿದರೆ ನೋಡಿದವರಿಗೆ ಗೋಡೆಯೇ ಎನಿಸುತ್ತದೆ. ಎನಿಸುವುದೇ ಅಪಾಯ. ಶರಣಪ್ಪ ನನ್ನ ಕೈಹಿಡಿದು ಪರದೆಗೆ ಒತ್ತಿಸಿದ, ಒಳಕ್ಕೆ ತಗ್ಗಿತು. ಇದು ಮಳೆಗೆ, ಗಾಳಿಗೆ ಅಡ್ಡ, ಭಾರಕ್ಕಲ್ಲ. ಮಾಡಿನಿಂದ ಇಳಿಬಿದ್ದ ತೆಳು ಪಟ್ಟಿಗಳೂ ಹಗುರ ಡಬ್ಬಗಳು ವಾಲದಂತೆ ತಡೆಯಲಷ್ಟೇ. ಕಲ್ಲನ್ನೋ ಕಬ್ಬಿಣವನ್ನೋ ಹೇರಿದರೆ ಪರದೆ ಇಲ್ಲವೇ ಇಲ್ಲ ಎಂದು ತಿಳಿದು, ನೆಲದ ಅಂಚಿನ ಉಕ್ಕಿನ ಕೊಂಡಿಗಳಿಗೆ ಅಗಲ ಪಟ್ಟಿಗಳಿಂದ ಬಿಗಿಯಬೇಕು. ಪ್ರತಿ ಪಟ್ಟಿಗೂ ಎಷ್ಟು ಎಳೆತ ತಾಳುತ್ತದೆಂದು ಬರೆದ ಚೀಟಿ ಹೊಲಿದಿರುತ್ತದೆ. ಚೀಟಿ ಅಳಿಸಿದ ಪಟ್ಟಿ, ಅಂಚು ಹರಿದ ಪಟ್ಟಿ ಕಸಕ್ಕೆ.

ಅವನಿಗೆ ಮೊದಲ ಎಚ್ಚರಿಕೆ ಪತ್ರ ಬಂದದ್ದು ಇಂಥದೊಂದು ಪಟ್ಟಿಯಿಂದ. ಕಲ್ಲಿನ ಅಂಚು ಕೊರೆದು ಪಟ್ಟಿ ತುಂಡಾಗಿತ್ತು. ನಾಲತವಾಡದಲ್ಲಿ ಹಗ್ಗ ತುಂಡಾದರೆ ಏನು ಮಾಡುತ್ತಾರೋ ಅದನ್ನೇ ಮಾಡಿದ: ಗಂಟು ಹಾಕಿದ. ಅಪ್ಪ ಕಲಿಸಿದ ಗಂಟು. ಎತ್ತಿನ ಗಾಡಿಯಲ್ಲಿ ಒಣ ಜೋಳದ ದಂಟಿನ, ಕಣಕಿಯ ಹೇರನ್ನು ಇಂಗಳೇಶ್ವರದವರೆಗೆ ಒಯ್ದರೂ ಸಡಿಲಾಗದ ಗಂಟು. ಜರ್ಮನಿಯ ತಪಾಸಣೆಯವನು ಅದರ ಫೋಟೋ ತೆಗೆದುಕೊಂಡ, ಬಿಚ್ಚಲು ನೋಡಿದ, ಆಗಲಿಲ್ಲ; ಚಂದದ ಗಂಟು ಎಂದು ಹೊಗಳಿ, ಕತ್ತರಿಸಿ ಹಾಕಿ, ದಂಡದ ಚೀಟಿ ಬರೆದ. ಗಂಟು ಬಿದ್ದಲ್ಲಿ ಪಟ್ಟಿಯ ಬಲ ಅರ್ಧಕ್ಕರ್ಧ ಕುಸಿಯುತ್ತದೆಂಬುದು ಶರಣಪ್ಪನಿಗೆ ತಿಳಿದದ್ದು ಆಮೇಲೆ. ಹೇಳಿಕೊಡುವುದಕ್ಕಿಂತ ಮೊದಲೇ ಶಿಕ್ಷೆ ಕೊಡುವ ರೂಢಿ ಅಲ್ಲಿಯೂ ಇದೆ.

ಅವನು ಸ್ನಾನಕ್ಕೆ ಹೋದ. ಚಾಲಕರು ವಾರಗಟ್ಟಲೆ ಕ್ಯಾಬಿನ್ನಿನಲ್ಲೇ ಮಲಗಿ, ಅಲ್ಲೇ ಅಡುಗೆ ಮಾಡಿ, ಸ್ನಾನಕ್ಕೆ ಸಾಲು ನಿಲ್ಲುವ ತಂಗುದಾಣವದು. ಹೆಂಗಸರ ಶೌಚಾಲಯಕ್ಕೆ ಬೀಗವಿತ್ತು, ಕೀಲಿ ಯಾರಲ್ಲಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಇದನ್ನೆಲ್ಲ ಟಿಪ್ಪಣಿ ಮಾಡಿಕೊಂಡ ಮೇಲೆ ಕಸ ವಿಂಗಡಿಸುವ ಬಣ್ಣಬಣ್ಣದ ಡಬ್ಬಿಗಳು ಕಣ್ಣಿಗೆ ಬಿದ್ದವು. ನಮ್ಮ ಪುರಸಭೆಗೆ ನಾನು ಎಷ್ಟು ಅರ್ಜಿ ಕೊಟ್ಟರೂ ಬಾರದ ಡಬ್ಬಿಗಳು. ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ಕ್ಯಾಬಿನ್ ಗುಡಿಸಿದೆ. ಟ್ರೇಲರಿನ ಹಿಂಬಾಗಿಲು ತೆರೆದಿತ್ತು. ಹತ್ತಿ ಅದನ್ನೂ ನೋಡಿದೆ. ಮೂಲೆಯಲ್ಲಿ ಅಂಚು ಉದುರಿದ, ಧೂಳು ಮೆತ್ತಿದ ಕಪ್ಪು ರಬ್ಬರಿನ ತುಂಡುಗಳ ಒಂದು ಹೊರೆ ಬಿದ್ದಿತ್ತು. ಎರಡು ಸಲ ಹೊತ್ತು ಸರಿಯಾದ ಡಬ್ಬಿಗೇ ಹಾಕಿದೆ. ಮರುದಿನ ನಸುಕಿನಲ್ಲೇ ಹೊರಟುಬಿಟ್ಟೆವು.

ಕಲ್ಲುಗಣಿಯ ಅಂಗಳ

ನೈಋತ್ಯ ಪೋಲೆಂಡಿನ ಆ ಊರಿಗೆ ಊರೇ ಗ್ರಾನೈಟ್ ಕಡಿಯುತ್ತದೆ. ಬೂದು ಧೂಳು, ಕಲ್ಲು ಕೊಯ್ಯುವ ಗರಗಸದ ಕೂಗು; ಕಣ್ಣು ಮುಚ್ಚಿದರೆ ನಮ್ಮ ಮುದ್ದೇಬಿಹಾಳದ ಕಲ್ಲಿನ ಅಡ್ಡೆಯೇ. ರಸ್ತೆಯಂಚಿಗೆ ಹೂಳುವ ಉದ್ದ ಕಲ್ಲುಗಳನ್ನು ಹಲಗೆ ಜೋಡಿಸಿ ಮಾಡಿದ ಮಣೆಗಳ ಮೇಲೆ ಸೊಂಟದೆತ್ತರಕ್ಕೆ ಒಟ್ಟಿ ಸಾಲಾಗಿ ಇಟ್ಟಿದ್ದರು. ಅವನ್ನು ಎತ್ತಿ ಹೇರುವ ಫೋರ್ಕ್‌ಲಿಫ್ಟ್ ನಡೆಸುವವಳು ಯೊಲಾಂತಾ ಎಂಬ ಐವತ್ತು ದಾಟಿದ ಹೆಂಗಸು. ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿ, ತಲೆಗೆ ಹೆಲ್ಮೆಟ್ಟು, ಕಾಲಿಗೆ ಉಕ್ಕಿನ ಮುಂಭಾಗದ ಬೂಟು ತಂದುಕೊಟ್ಟಳು. ನೆರಿಗೆ ಎತ್ತಿಕಟ್ಟಿ ಹಳದಿ ಗೆರೆಯ ಆಚೆ ನಿಂತೆ. ಗೆರೆಯೊಳಗೆ ಕಾಲಿಟ್ಟರೆ ಅವಳು ಯಂತ್ರ ನಿಲ್ಲಿಸಿ ನನ್ನ ಬೂಟನ್ನೇ ದಿಟ್ಟಿಸುತ್ತಿದ್ದಳು.

ಹೇರುವ ಮುಂಚೆ ಅವಳು ಟ್ರೇಲರಿಗೆ ಹತ್ತಿ ಕಸಬರಿಗೆಯಿಂದ ನೆಲವನ್ನು ಮೂಲೆಮೂಲೆಯೂ ಗುಡಿಸಿದಳು. ರಾಶಿ ಮಾಡುವ ಮುಂಚೆ ನಮ್ಮ ಹೆಂಗಸರು ಕಣ ಗುಡಿಸುವಂತೆಯೇ ಇತ್ತು ಅದು. ಕಾರಣ ಮಾತ್ರ ಬೇರೆ. ಕಾಳಿಗೆ ಮಣ್ಣು ಸೇರದಿರಲೆಂದು ನಾವು ಗುಡಿಸುತ್ತೇವೆ. ಧೂಳಿನ ಮೇಲೆ ಕಲ್ಲು ಜಾರದಿರಲೆಂದು ಅವಳು ಗುಡಿಸುತ್ತಾಳೆ. ಗುಡಿಸಿ ಮುಗಿಸಿ ಕೈಚಾಚಿದಳು. ಶರಣಪ್ಪ ಮೂಲೆಗೆ ಹೋದ. ಮೂಲೆ ಖಾಲಿ.

ಆ ಕ್ಷಣಕ್ಕೇ ನನಗೆ ತಿಳಿಯಿತು. ಅವನಿಗೆ ಹೇಳಿದೆ. ಅವನು ಖಾಲಿ ಮೂಲೆಯ ಕಡೆ ಕೈ ತೋರಿಸಿದ. “ಇಷ್ಟ ಸ್ವಚ್ಛ ನಮ್ಮನ್ಯಾಗೂ ಯಾರೂ ಮಾಡಿಲ್ಲ ನೋಡ್ರಿ,” ಎಂದ.

ಆಮೇಲೆ ಆ ರಬ್ಬರಿನ ತುಂಡು ಏನೆಂದು ವಿವರಿಸಿದ. ಕಲ್ಲಿನ ಮೇಲಿನಿಂದ ಪಟ್ಟಿ ಹಾಯಿಸಿ ಎರಡೂ ಪಕ್ಕ ಬಿಗಿದಾಗ ಕಲ್ಲನ್ನು ಪಟ್ಟಿಯೇ ಹಿಡಿದುಕೊಂಡಿದೆ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಪಟ್ಟಿ ಕಲ್ಲನ್ನು ನೆಲಕ್ಕೆ ಒತ್ತುತ್ತದೆ ಅಷ್ಟೇ. ಜಾರದಂತೆ ಹಿಡಿಯುವುದು ಕಲ್ಲಿಗೂ ನೆಲಕ್ಕೂ ನಡುವಿನ ತಿಕ್ಕಾಟ. ಸರಕು ತಗ್ಗಾಗಿದ್ದರೆ ಪಟ್ಟಿ ಓರೆಯಾಗಿ ಚಾಚಿಕೊಂಡು ಆ ಒತ್ತುವ ಬಲವೂ ಕಡಿಮೆಯಾಗುತ್ತದೆ. ಗಕ್ಕನೆ ಬ್ರೇಕ್ ಹಾಕಿದರೆ ಸರಕು ತನ್ನ ತೂಕದ ಹತ್ತರಲ್ಲಿ ಎಂಟು ಪಾಲು ಬಲದಿಂದ ಮುಂದೆ ನುಗ್ಗಬಹುದೆಂದು ಅಲ್ಲಿಯ ಲೆಕ್ಕ. ಅದನ್ನು ತಡೆಯಲು ಮಣೆಯ ಕೆಳಗೊಂದು, ಕಲ್ಲಿನ ಕೆಳಗೊಂದು ರಬ್ಬರು ಬೇಕು. ದಪ್ಪ ರೊಟ್ಟಿಯಷ್ಟೇ ಇರುವ ಆ ತುಂಡು ಜಾರುವಿಕೆಯನ್ನು ಅರ್ಧಕ್ಕಿಂತಲೂ ಕೆಳಗಿಳಿಸುತ್ತದೆ.

ಕೇಳುತ್ತ ಕೇಳುತ್ತ ನನಗೆ ನಾಲತವಾಡದ ರಸ್ತೆ ಕಾಣಿಸಿತು. ನಮ್ಮಲ್ಲಿ ಲಾರಿಯ ತಳಕ್ಕೆ ಏನು ಹಾಸುತ್ತೇವೆ? ಒಣ ಹುಲ್ಲು. ಹಾಸುಗಲ್ಲಿನ ಅಂಚು ಮುಕ್ಕಾಗಬಾರದೆಂದು ಮೆತ್ತಗೆ, ದಪ್ಪಗೆ ಹುಲ್ಲು. ಗಾಜಿನಂತೆ ಜಾರುವ ಹುಲ್ಲಿನ ಮೇಲೆ ಕಲ್ಲು. ಆ ಕಲ್ಲಿನ ಮುಂದೆ ಮನುಷ್ಯ. ಕಲ್ಲನ್ನು ಕಾಪಾಡಿದ್ದೆವು.

ಅಂಗಳದ ವ್ಯವಸ್ಥಾಪಕ ಬಂದ. ರಬ್ಬರು ಚಾಲಕನೇ ತರಬೇಕು, ಅಂಗಳದ ರಬ್ಬರು ಅಂಗಳದ ಗಾಡಿಗಳಿಗೆ, ಪಟ್ಟಿ ಎರಡು ಹೆಚ್ಚು ಹಾಕಿಕೊಂಡು ಹೊರಡಲಿ ಎಂದ. ನಾನು ಇಂಗ್ಲಿಷಿನಲ್ಲಿ ವಾದಕ್ಕಿಳಿದೆ. ಹೇರುವವನಿಗೂ ಹೊಣೆಯಿದೆ, ನಿಮ್ಮ ದೇಶದ ಕಾನೂನೇ ಹಾಗೆನ್ನುತ್ತದೆ ಎಂದು ಹಿಂದಿನ ದಿನದ ಸಭೆಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಅವನು ನನ್ನ ಬೂಟು, ಸೀರೆ, ಹೆಲ್ಮೆಟ್ಟು ನೋಡಿ ಶರಣಪ್ಪನ ಕಡೆ ತಿರುಗಿದ. ಅಷ್ಟರಲ್ಲಿ ಶರಣಪ್ಪನ ಕಂಪನಿಯ ರವಾನೆ ಅಧಿಕಾರಿಯ ಫೋನು ಬಂತು. ಮಧ್ಯಾಹ್ನದೊಳಗೆ ಹೇರಿಸಿಕೊಂಡು ಹೊರಡದಿದ್ದರೆ ಎರಡನೆಯ ಎಚ್ಚರಿಕೆ ಪತ್ರ ಬರೆಯುವುದಾಗಿ ಅವನು ಹೇಳಿದ್ದು ಫೋನಿನಿಂದಾಚೆಗೂ ಕೇಳಿಸಿತು.

ಶರಣಪ್ಪ ಫೋನು ಕೆಳಗಿಟ್ಟು ಕಲ್ಲಿನ ರಾಶಿಗಳ ಮೇಲೆ ಅಂಗೈ ಊರಿ ನಿಂತ. “ಅವತ್ತ ನಮ್ಮ ಅಡ್ಡೇದಾಗ ಹಗ್ಗ ಬಿಗೀಲಿ ಏನ್ರಿ ಅಂತ ಕೇಳಿದ್ನಿ. ಕಲ್ಲ ಭಾರ ಐತಿ, ಎಲ್ಲಿ ಹೋಗ್ತೈತಿ, ನಡಿ ಅಂದ್ರು. ನಡದೆ,” ಎಂದ. ಅವತ್ತು ಹೀಗೆ ಅಂದವರು ಯಾರು ಎಂದು ಆರು ವರ್ಷಗಳಲ್ಲಿ ನಾನು ಅವನನ್ನು ಒಮ್ಮೆಯೂ ಕೇಳಿರಲಿಲ್ಲ. ಅನ್ಯಾಯಗಳ ಪಟ್ಟಿ ಬರೆಯುವವಳಿಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ನಂತರ ಅವನು ಫೋನು ತೆಗೆದುಕೊಂಡು ಮುರುಕು ಇಂಗ್ಲಿಷಿನಲ್ಲಿ ರವಾನೆ ಅಧಿಕಾರಿಗೆ ಹೇಳಿದ: ರಬ್ಬರಿಲ್ಲದೆ ಹೇರಿಸುವುದಿಲ್ಲ. ಎಲ್ಲಿ ಹೋದವೆಂದು ಆ ಕಡೆಯವನು ಕೇಳಿದ. ಹಳೆಯವಾಗಿದ್ದವು, ನಾನೇ ಒಗೆದೆ ಎಂದ. ನನ್ನ ಹೆಸರು ಹೇಳಲಿಲ್ಲ.

ನಾನು ತಡೆದೆ, ಯಾಕೆಂದು ಕೇಳಿದೆ. ಅವನು ಸಹಜವಾಗಿ ಉತ್ತರ ಕೊಟ್ಟ. “ನಿಮ್ಮ ಹೆಸರ ಹೇಳಿದ್ರ ನಿಮ್ಮನ್ನ ಇಲ್ಲೇ ಇಳಿಸ್ತಾರ್ರಿ, ಮಾತ ಅಲ್ಲಿಗೆ ಮುಗೀತೈತಿ. ಈ ಅಂಗಳದವ್ರು ರಬ್ಬರ್ ಕೊಡಲಿಲ್ಲ ಅನ್ನೂದು ಯಾರೂ ಬರಿಯೂದಿಲ್ಲ. ಒಬ್ಬರ ಹೆಸರ ಸಿಕ್ರ ಎಲ್ಲಾರೂ ಮನಿಗೆ ಹೋಗ್ತಾರ್ರಿ.”

ಅವನ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಆದರೂ ನಾನು ಹೆಲ್ಮೆಟ್ಟನ್ನು ಸರಿಪಡಿಸಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಬೇಕಾಯಿತು.

ಮುಂದಿನದು ಯೊಲಾಂತಾ ಮಾಡಿದ್ದು. ಅವಳು ಫೋರ್ಕ್‌ಲಿಫ್ಟಿನ ಕೀಲಿ ತೆಗೆದು ಜೇಬಿಗೆ ಹಾಕಿ, ಕಲ್ಲಿನ ಮೇಲೆ ಕುಳಿತು, ಡಬ್ಬಿಯಿಂದ ಉಪ್ಪಿನ ಸೌತೆಕಾಯಿ ತೆಗೆದು ತಿನ್ನತೊಡಗಿದಳು. ವ್ಯವಸ್ಥಾಪಕ ಕೂಗಾಡಿದ. ಅವಳು ಒಂದು ಹಾಳೆ ತೋರಿಸಿದಳು. ಹೇರಿದ ಪ್ರತಿ ಗಾಡಿಗೂ ಇಂಥದೊಂದು ಹಾಳೆಯಿರುತ್ತದೆ. ಚಾಲಕನ ಸಹಿಯ ಪಕ್ಕದಲ್ಲಿ ಹೇರಿದವರ ಸಹಿಗೂ ಜಾಗವಿರುತ್ತದೆ. ಅಲ್ಲಿ ತನ್ನ ಹೆಸರು ಬರುತ್ತದೆ; ರಬ್ಬರಿಲ್ಲದೆ ಬರೆಯಲಾರೆ, ನೀನು ಬರೆಯುವುದಾದರೆ ನೀನೇ ಹೇರು ಎಂದಳಂತೆ. ಶರಣಪ್ಪ ನನಗೆ ಅನುವಾದಿಸಿದ. ಅವಳು ಇನ್ನೊಂದು ಸೌತೆಕಾಯಿಯನ್ನು ನನ್ನತ್ತ ಚಾಚಿದಳು. ನಾನು ಗೆರೆ ದಾಟಿ ಅವಳ ಪಕ್ಕ ಕುಳಿತೆ. ಯಂತ್ರ ನಿಂತಿದ್ದರಿಂದ ಅವಳು ಬೂಟು ನೋಡಲಿಲ್ಲ.

ನಾನು ಆ ಹಾಳೆಯ ಹಿಂಬದಿಯಲ್ಲಿ ಬರೆದೆ: ತಂಗುದಾಣದಲ್ಲಿ ರಬ್ಬರಿನ ತುಂಡುಗಳನ್ನು ಚಾಲಕನ ಅರಿವಿಲ್ಲದೆ ಎಸೆದವಳು ನಾನು. ಸಹಿ ಮಾಡಿದೆ. ಬೆಳಿಗ್ಗೆ ಹೊರಡುವಾಗ ಸಾಮಾನು ಎಣಿಸಿಕೊಳ್ಳಲಿಲ್ಲವೆಂದು ಕೆಳಗೆ ಶರಣಪ್ಪ ಬರೆದು ಸಹಿ ಮಾಡಿದ. ಎಷ್ಟು ತುಂಡು ಬೇಕೆಂದು ಅಂಗಳದಿಂದ ಮುಂಗಡವಾಗಿ ತಿಳಿಸಿರಲಿಲ್ಲವೆಂದು ಯೊಲಾಂತಾ ಬರೆದಳು. ಮೂವರ ಬರಹ ನೋಡಿದ ವ್ಯವಸ್ಥಾಪಕ ಉಗ್ರಾಣದಿಂದ ರಬ್ಬರು ತರಿಸಿ, ಎರವಲು ಕೊಟ್ಟಿದ್ದೇನೆಂದು ತಾನೂ ಒಂದು ಸಾಲು ಸೇರಿಸಿದ. ಶರಣಪ್ಪ ಆ ಹಾಳೆಯ ಫೋಟೋವನ್ನು ಕಂಪನಿಗೆ ಕಳಿಸಿದ. ಆಗ ಉತ್ತರ ಬರಲಿಲ್ಲ.

ಆಮೇಲೆ ಕೆಲಸ ನಡೆದ ರೀತಿಯನ್ನು ನಮ್ಮ ಅಡ್ಡೆಯ ಎಲ್ಲರೂ ನೋಡಬೇಕಿತ್ತು. ಇಡೀ ಭಾರವನ್ನು ಮುಂಗೋಡೆಗೆ ಒತ್ತಿದರೆ ಮುಂದಿನ ಅಚ್ಚಿನ ಮೇಲೆ ಹೊರೆ ಮಿತಿಮೀರುತ್ತದೆ. ಅದಕ್ಕೆ ಮುಂದೆ ಖಾಲಿ ಮಣೆಗಳನ್ನು ಬಿಗಿಯಾಗಿ ತುಂಬಿ, ಕಲ್ಲನ್ನು ಅವಕ್ಕೆ ಒತ್ತಿಸಿ ಇಟ್ಟರು. ಎರಡು ರಾಶಿಗಳ ನಡುವೆ ಕೈ ತೂರುವಷ್ಟೂ ಸಂದು ಬಿಡಲಿಲ್ಲ. ಪಟ್ಟಿ ಕಲ್ಲಿನ ಅಂಚಿಗೆ ತಾಗುವಲ್ಲೆಲ್ಲ ಪಟ್ಟಿ ಕೊರೆಯದಂತೆ ಮೂಲೆಗಾಪು ಇಟ್ಟರು. ಹಗ್ಗದೊಳಗೆ ಕೋಲು ತೂರಿಸಿ ತಿರುವಿ ಹೇರು ಬಿಗಿಯುವ ನಮ್ಮ ಜಾಣತನದ ಉಕ್ಕಿನ ಅವತಾರದಂತಿದ್ದ ಹಲ್ಲಿನ ಹಿಡಿಕೆಯನ್ನು ಶರಣಪ್ಪ ಕಟಕಟನೆ ಜಗ್ಗಿದ. ಪರದೆ ಎಳೆದದ್ದು ಎಲ್ಲಕ್ಕಿಂತ ಕೊನೆಗೆ.

ಗಡಿ ದಾಟಿದ ಮೇಲೆ

ಗಡಿಗೂ ಮೊದಲೇ, ಅಂಗಳದಿಂದ ಹತ್ತು ಕಿಲೋಮೀಟರು ಹೋಗುತ್ತಲೇ ಶರಣಪ್ಪ ಗಾಡಿ ನಿಲ್ಲಿಸಿದ. ಹೊರಟ ಸ್ವಲ್ಪ ಹೊತ್ತಿನಲ್ಲೇ ಸರಕು ಕುಳಿತುಕೊಂಡು ಪಟ್ಟಿ ಸಡಿಲಾಗುತ್ತದೆ. ಎರಡು ಪಟ್ಟಿ ನಿಜಕ್ಕೂ ಸಡಿಲಾಗಿದ್ದವು, ಮತ್ತೆ ಬಿಗಿದ.

ಜರ್ಮನಿಯೊಳಗೆ ಬಂದು ಗಂಟೆಯಾಗಿರಲಿಲ್ಲ, ತಪಾಸಣೆಯವರು ಅಡ್ಡಗಟ್ಟಿದರು. ಪಕ್ಕದ ಸೀಟಿನಲ್ಲಿದ್ದ ನಾನು ಅನುಮತಿ ಪತ್ರ ತೆಗೆದಿಟ್ಟುಕೊಂಡೆ. ಶರಣಪ್ಪನ ಬೆರಳುಗಳು ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿದ್ದವು. ಅಧಿಕಾರಿ ಪರದೆ ಸರಿಸಿದ, ಚೀಟಿಗಳನ್ನು ಓದಿದ, ಮಾಪಕವೊಂದನ್ನು ಪಟ್ಟಿಗೆ ಸಿಕ್ಕಿಸಿ ಬಿಗಿತ ಅಳೆದ, ಮೊಣಕಾಲೂರಿ ಕುಳಿತು ರಬ್ಬರಿನ ಅಂಚುಗಳನ್ನು ಟಾರ್ಚು ಹಿಡಿದು ಎಣಿಸಿದ. ಹಳೆಯ ದಾಖಲೆಯಲ್ಲಿ ಗಂಟಿನ ಫೋಟೋ ಇತ್ತೋ ಏನೋ, ಶರಣಪ್ಪನ ಮುಖ ನೋಡಿ ಕೈಯಿಂದ ಗಂಟು ಹಾಕುವಂತೆ ನಟಿಸಿ ತೋರಿಸಿದ. ಶರಣಪ್ಪ ಇಲ್ಲವೆಂದು ತಲೆಯಾಡಿಸಿದ. ಅಧಿಕಾರಿ ಕಾಗದಕ್ಕೆ ಮುದ್ರೆ ಒತ್ತಿದ.

ಗಾಡಿ ಹೊರಟ ಮೇಲೆ ಅವನು ಉಳಿದ ರೊಟ್ಟಿಯೊಂದನ್ನು ಮುರಿದು ಅರ್ಧ ನನಗೆ ಕೊಟ್ಟ. ಹೊರಗೆ ಸಾಸಿವೆ ಹೊಲಗಳು. ಒಳಗೆ ನಾನು ಹೊರ್ತಿಯ ಅಕ್ಕನ ಮನೆಯಿಂದ ತಂದಿದ್ದ ಶೇಂಗಾ ಚಟ್ನಿಯ ವಾಸನೆ. ಲೇಖನದ ಬಗ್ಗೆ ಕ್ಷಮೆ ಕೇಳಿದೆ. ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ: “ನಾ ಗಾಡಿ ಹೊಡದದ್ದು ಖರೆ. ನನ್ನ ಹೆಸರ ತಗೀಬ್ಯಾಡ್ರಿ. ಉಳದವ್ರದೂ ಬರೀರಿ.”

ಸರಕು ಇಳಿಸಿದ ದಿನ ಸಂಜೆ ಕಂಪನಿಯಿಂದ ಸಂದೇಶ ಬಂತು. ವಿಳಂಬದ ಕಾರಣ ದಾಖಲಾಗಿದೆ, ಎಚ್ಚರಿಕೆ ಪತ್ರವಿಲ್ಲ, ಎಸೆದ ರಬ್ಬರಿಗೆ ಬದಲಿ ಕೊಡಲಾಗುವುದು. ಅವನು ಅದನ್ನು ಎರಡು ಸಲ ಓದಿಸಿಕೊಂಡ. ಬೀಳ್ಕೊಡುವಾಗ, ಎರವಲು ತಂದ ರಬ್ಬರಿನಲ್ಲಿ ಕಲ್ಲಿನ ಭಾರಕ್ಕೆ ಹರಿದಿದ್ದ ಒಂದು ತುಂಡನ್ನು ನನ್ನ ಚೀಲಕ್ಕೆ ಹಾಕಿದ. ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆದು ತಿರುಗಿಸಿ, ಮೂಸಿ, ಏನೆಂದು ಕೇಳಿದವರಿಗೆಲ್ಲ ಕಲ್ಲಿನ ಕೆಳಗೆ ಹಾಸುವುದೆಂದು ವಿವರಿಸಿದೆ. ಒಬ್ಬರೂ ನಂಬಿದಂತೆ ಕಾಣಲಿಲ್ಲ.

ಮರಳಿ ಮುದ್ದೇಬಿಹಾಳ

ಬಂದ ವಾರದಲ್ಲಿ ಸಿಂದಗಿಯ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದ್ದನ್ನು ಬರೆದಿಡುತ್ತೇನೆ: ಅಗಲಕ್ಕೂ ಮೀರಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಕಬ್ಬಿಣದ ಸರಳುಗಳನ್ನು ಹಿಂದೆ ಬಾಲದಂತೆ ಎಳೆದೊಯ್ಯುವ ಗಾಡಿ, ಅದರ ತುದಿಗೆ ಕೆಂಪು ಬಟ್ಟೆಯ ಚೂರು, ಇಂಡಿ ತಾಲೂಕಿನ ಕಡೆಯಿಂದ ಬಂದ ನಿಂಬೆಹಣ್ಣಿನ ಮೂಟೆಗಳ ಮೇಲೆ ಮಲಗಿದ್ದ ಇಬ್ಬರು. ನೋಡಿದರೂ ಕಾಣದಷ್ಟು ರೂಢಿಯಾದ ಅನ್ಯಾಯಗಳು ಇವು.

ಯಮನಪ್ಪ ಈಗ ಅದೇ ಕಲ್ಲಿನ ಅಡ್ಡೆಯಲ್ಲಿ ಕಾವಲು ಕಾಯುತ್ತಾನೆ. ಬಲಗಾಲು ಮಡಚಲು ಬರುವುದಿಲ್ಲ, ಚಾಚಿಕೊಂಡೇ ಕುಳಿತುಕೊಳ್ಳುತ್ತಾನೆ. ಲಾರಿಯಲ್ಲಿ ಶರಣಪ್ಪನನ್ನು ಕೇಳಿ ತಿಳಿದದ್ದನ್ನೂ ಸೇರಿಸಿ ಹಳೆಯ ಲೇಖನವನ್ನು ಮತ್ತೆ ಬರೆಯುತ್ತಿದ್ದೇನೆ, ಎಲ್ಲರ ಹೆಸರೂ ಹಾಕುತ್ತೇನೆ ಎಂದು ಹೇಳಿ ಓದಿದೆ: ಹಗ್ಗ ಬೇಡವೆಂದ ಅಡ್ಡೆಯ ಮಾಲೀಕ, ಎರಡನೆಯ ಗಾಡಿಯ ಖರ್ಚು ಉಳಿಸಲು ಹಮಾಲರನ್ನು ಕಲ್ಲಿನ ಜೊತೆ ಕೂರಿಸಿದ ಗುಮಾಸ್ತ, ಹಗ್ಗವಿಲ್ಲದೆ ಹೊರಟ ಚಾಲಕ ಶರಣಪ್ಪ, ಒಂದೇ ಹೆಸರಿಗೆ ತೃಪ್ತಳಾದ ವಕೀಲೆ. ಅವನು ತಲೆಯಾಡಿಸುತ್ತ ಕೇಳಿದ.

ಚೀಲದಿಂದ ರಬ್ಬರಿನ ತುಂಡು ತೆಗೆದುಕೊಟ್ಟೆ. ಹಲಗೆಯೊಂದರ ಮೇಲೆ ಅದನ್ನಿಟ್ಟು, ಅದರ ಮೇಲೆ ಒಡೆದ ಹಾಸುಗಲ್ಲಿನ ಚೂರು ಇರಿಸಿ, ಅಂಗೈಯಿಂದ ನೂಕಿದ. ಅಲುಗಲಿಲ್ಲ. ರಬ್ಬರು ತೆಗೆದು, ಪಕ್ಕದಲ್ಲಿ ಬಿದ್ದಿದ್ದ ಒಂದು ಹಿಡಿ ಹುಲ್ಲು ಹಾಕಿ, ಮತ್ತೆ ನೂಕಿದ. ಕಲ್ಲು ಸರ್ರನೆ ಜಾರಿ ಅವನ ಚಾಚಿದ ಕಾಲಿನ ಬಳಿ ಬಿತ್ತು.

“ಅವತ್ತ ಹುಲ್ಲ ಹಾಸಿದಾವ ನಾನ ಅದೀನ್ರಿ ಅಕ್ಕಾರ,” ಎಂದ. “ಥಂಡಿ ಇತ್ತು, ಕುಂಡ್ರಾಕ ಮೆತ್ತಗ ಆಗ್ಲಿ ಅಂತ ಒಂದ ಹೊರಿ ಹೆಚ್ಚಿಗಿ ಹಾಕಿದ್ನಿ. ನನ್ನ ಹೆಸರೂ ಬರ್ಕೋರಿ.”

ನಾನು ಲೇಖನಿ ಎತ್ತಿದವಳು ಅವನ ಹೆಸರು ಬರೆಯಲಿಲ್ಲ. ಹುಲ್ಲು ಜಾರುತ್ತದೆಂದು ಅವನಿಗೆ ಯಾರಾದರೂ ಎಂದಾದರೂ ಹೇಳಿದ್ದರೇ ಎಂದು ಕೇಳಿದೆ. ಇಲ್ಲ ಎಂದ. ಹಾಗಾದರೆ ಮೊದಲು ಅದನ್ನು ಬರೆಯುತ್ತೇನೆ ಎಂದೆ.

“ಅದನ್ನ ಮೊದಲ ಬರೀರಿ,” ಎಂದು ಒಪ್ಪಿ, ಅವನು ಗೋಡೆ ಹಿಡಿದು ಎದ್ದು ನಿಂತ. ಅಂಗಳದ ಆ ತುದಿಯಲ್ಲಿ ಲಾರಿಯೊಂದಕ್ಕೆ ಹುಲ್ಲು ಹಾಸುತ್ತಿದ್ದರು. ಕಾಲನ್ನು ಎಳೆಯುತ್ತ, ರಬ್ಬರಿನ ತುಂಡನ್ನು ಕಂಕುಳಲ್ಲಿ ಇರುಕಿಕೊಂಡು, ಅವರ ಕಡೆ ಹೊರಟ.